ಕೋಟೆಯ ಬಾಗಿಲಿಗೆ ಬಂದ ಕುಂಟೆತ್ತು

ಗುಡಗೇರಿಯಲ್ಲಿ ಭಾನುವಾರ ಮಧ್ಯಾಹ್ನ ಉಂಡು ಮಲಗುವುದು ವಾಡಿಕೆ. ನಾವು ಮೂವರು ಮಾತ್ರ ಆ ಹೊತ್ತಿಗೆ ರಾಜ್ಯದ ಕೆಲಸಕ್ಕೆ ಹೊರಡುತ್ತೇವೆ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ಇನ್ನೊಬ್ಬರು ನಮ್ಮ ಶಾಲೆಯ ಗಣಿತದ ಮಾಸ್ತರು. ಮೂರನೆಯವರು ಕಾಳಿನ ವ್ಯಾಪಾರಿ. ಅವರ ಅಂಗಡಿಯ ಮಾಳಿಗೆಯೇ ನಮ್ಮ ಅರಮನೆ, ಅಡವಿ, ರಣರಂಗ ಎಲ್ಲ. ಆಟ ಸರಳ. ನಾನು ಕಥೆ ಹೇಳುತ್ತೇನೆ. ಅವರಿಬ್ಬರೂ ಕಥೆಯೊಳಗೆ ಒಂದೊಂದು ಪಾತ್ರವಾಗಿ, ತಾವೀಗ ಏನು ಮಾಡುತ್ತೇವೆ ಎಂದು ಹೇಳುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಹಲ್ಲಿ ಕಂಡರೆ ಕುರ್ಚಿ ಹತ್ತುವ ವ್ಯಾಪಾರಿ ಅಲ್ಲಿ ಖಡ್ಗ ಹಿಡಿದ ವೀರ. ಮಾಸ್ತರು ಮಂತ್ರವಾದಿ. ಪ್ರತಿ ಮಂತ್ರಕ್ಕೂ ಮೊದಲು ಕೂಡಿಸಿ ಕಳೆದು ನೋಡುವುದರಿಂದ ರಾಕ್ಷಸರು ಪಾಪ ಅವರಿಗಾಗಿ ಕಾಯುತ್ತಾ ನಿಲ್ಲಬೇಕಾಗುತ್ತದೆ.

ಆ ರಾಜ್ಯವನ್ನು ಕಟ್ಟಿದವಳು ನಾನು, ಮತ್ತು ಅದರ ಬಗ್ಗೆ ನನಗೆ ಸೊಕ್ಕಿದೆ. ಯರಗುಪ್ಪಿ ಕಡೆಯ ಎರೆಹೊಲಗಳನ್ನೇ ಅಲ್ಲಿ ಹಾಸಿದ್ದೇನೆ. ಮಳೆ ಬಿದ್ದರೆ ಶತ್ರುಗಳ ರಥಗಳು ಅಚ್ಚಿನ ತನಕ ಹೂತುಹೋಗುತ್ತವೆ. ಕೆರೆಗೆ ಕಾವಲಿದೆ, ಸಂತೆಗೆ ಸುಂಕವಿದೆ, ಹೆಣ್ಣು ಭೂತಗಳಿಗೂ ಕುಲದೇವರಿದೆ. ಏನೂ ಬಿಟ್ಟಿಲ್ಲ ಎಂದು ನಾನು ನಂಬಿಕೊಂಡಿದ್ದೆ.

ಹೋದ ವರ್ಷ ನನ್ನ ತಂಗಿ ತೀರಿಕೊಂಡಳು. ಅವಳ ಗಂಡ ಲಾರಿ ಓಡಿಸುತ್ತಾನೆ, ವಾರಗಟ್ಟಲೆ ಹೊರಗೇ ಇರುತ್ತಾನೆ. ಹೀಗಾಗಿ ಮೂರನೆಯ ಇಯತ್ತೆ ಓದುತ್ತಿದ್ದ ಅವಳ ಮಗಳನ್ನು ತಂಬೂರು ಎಂಬ ಊರಿನಿಂದ ನನ್ನ ಮನೆಗೆ ಕರೆತಂದೆ. ಎಂಥ ಶಾಣ್ಯಾ ಹುಡುಗಿ ಎಂದು ಓಣಿಯವರೆಲ್ಲ ಹೊಗಳಿದರು. ನನಗೆ ಮಾತ್ರ ಅದನ್ನು ನೋಡಿ ಸಂಕಟವಾಗುತ್ತಿತ್ತು. ನೀರು ಕುಡಿಯುವುದಕ್ಕೂ ನನ್ನನ್ನು ಕೇಳುವಳು. ಬಡಿಸಿದಷ್ಟು ಉಂಡು, ಎದ್ದು ತಾಟು ತೊಳೆದಿಡುವಳು. ಇನ್ನೊಂದು ರೊಟ್ಟಿ ಹಾಕಲೇ ಎಂದರೆ "ಸಾಕ್ರಿ" ಎನ್ನುವಳು. ಹಟವಿಲ್ಲ, ಅಳುವಿಲ್ಲ, ಇದು ಬೇಕು ಎಂಬ ಮಾತೇ ಇಲ್ಲ. ಮಕ್ಕಳು ತಮ್ಮ ಮನೆಯಲ್ಲಿ ಹೀಗಿರುವುದಿಲ್ಲ. ಬೀಗರ ಮನೆಗೆ ಬಂದಾಗ ಹೀಗಿರುತ್ತಾರೆ. ನಾನೋ ಒಂಟಿ ಹೆಂಗಸು. ಮಕ್ಕಳನ್ನು ಸಾಲು ಹಚ್ಚಿ ನಿಲ್ಲಿಸಿ ಗೊತ್ತೇ ಹೊರತು ಮನೆಯಲ್ಲಿ ಸಾಕಿ ಗೊತ್ತಿಲ್ಲ. ಈ ಮನೆ ನಿನ್ನದೇ ಎಂದು ಬಾಯಿಬಿಟ್ಟು ಹೇಳಿಯೂ ನೋಡಿದೆ. "ಹೌದ್ರಿ" ಎಂದು ತಲೆಯಾಡಿಸಿದಳು.

ಒಬ್ಬಳನ್ನೇ ಬಿಡಲಾಗದೆ ಭಾನುವಾರ ಅವಳನ್ನೂ ಮಾಳಿಗೆಗೆ ಕರೆದೊಯ್ಯತೊಡಗಿದೆ. ಜೋಳದ ಚೀಲದ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಒಂದು ದಿನ ವ್ಯಾಪಾರಿ ಯಾವುದೋ ಭೂತವನ್ನು ಎರಡು ತುಂಡು ಮಾಡಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಅವಳು ಕೇಳಿದಳು: "ದೊಡ್ಡವ್ವಾ, ನಿಮ್ಮ ರಾಜ್ಯದಾಗ ಹುಡುಗೋರು ಎಲ್ಲಿರ್ತಾರ್ರಿ?"

ನಾನು ಮನಸ್ಸಿನಲ್ಲೇ ರಾಜ್ಯವನ್ನೆಲ್ಲ ಸುತ್ತಿ ಬಂದೆ. ಸುಂಕದವರು, ಕಮ್ಮಾರರು, ಕಳ್ಳರು, ಮುದುಕ ಋಷಿಗಳು, ಎಲ್ಲರೂ ಇದ್ದರು. ಮಕ್ಕಳೆಂದರೆ ಒಬ್ಬನೇ ಒಬ್ಬ ರಾಜಕುಮಾರ. ಅವನನ್ನು ದೀಪಾವಳಿಯ ಹೊತ್ತಿಗೆ ರಾಕ್ಷಸ ತನ್ನ ಗವಿಗೆ ಹೊತ್ತೊಯ್ದಿದ್ದ. ನಮ್ಮ ವೀರರು ಬೇರೆ ಜಗಳದಲ್ಲಿ ಬಿದ್ದು ಅವನನ್ನು ಬಿಡಿಸುವುದನ್ನೇ ಮರೆತುಬಿಟ್ಟಿದ್ದರು. ಇದನ್ನೇ ಅವಳಿಗೆ ಹೇಳಿದೆ.

"ಇನ್ನೂ ಗವಿಯಾಗ ಅದಾನೇನ್ರಿ?" ಎಂದಳು ಹುಡುಗಿ.

ಆಮೇಲೆ ದೊಡ್ಡ ಚರ್ಚೆಯೇ ಆಯಿತು. ಮೊಮ್ಮಕ್ಕಳಿರುವ ವ್ಯಾಪಾರಿ, "ಹುಡುಗೋರನ್ನ ಕ್ವಾಟಿ ಒಳಗ ಇಡೂಣ್ರಿ. ಹೊರಗ ಬಿಟ್ರ ನನ್ನ ಎದಿ ಝಲ್ ಅಂತೈತಿ" ಎಂದರು. ಮಾಸ್ತರು ಒಪ್ಪಲಿಲ್ಲ. "ಆಟದಾಗ ಹುಡುಗೋರನ್ನ ತರಲೇಬಾರದ್ರಿ. ರಾಕ್ಷಸ ಅವರನ್ನ ಹೊಡದ್ರ ನಮಗ ತಡಕೊಳ್ಳಾಕ ಆಗಂಗಿಲ್ಲ. ಹೊಡೀಲಿಲ್ಲಂದ್ರ ಅಂವಾ ಎಂಥಾ ರಾಕ್ಷಸ?" ಇಬ್ಬರ ಮಾತೂ ಸರಿಯೇ ಅನ್ನಿಸಿತು. ಛತ್ರದಲ್ಲಿ ನೀರು ತಂದುಕೊಡಲು ನಾಲ್ಕು ಮಕ್ಕಳನ್ನು ಇಡೋಣ ಎಂದು ನಾನು ಹೇಳಿದೆ. ಹೇಳುತ್ತಲೇ ನಾಚಿಕೆಯಾಯಿತು, ಅದು ಮೂಲೆಯಲ್ಲಿ ಹೂದಾನಿ ಇಟ್ಟ ಹಾಗೆ. ದೊಡ್ಡವರು ಕಟ್ಟಿದ ಲೋಕದಲ್ಲಿ ಮಕ್ಕಳನ್ನು ಒಂದೋ ಬಚ್ಚಿಡುತ್ತೇವೆ, ಇಲ್ಲವೇ ಅಪಹರಿಸುತ್ತೇವೆ. ಅವರಿಗೆ ಮಾಡಲು ಏನನ್ನೂ ಕೊಡುವುದಿಲ್ಲ.

ಎಲ್ಲವನ್ನೂ ಕೇಳಿ ಹುಡುಗಿ, "ನಾನೂ ಆಡ್ಲೇನ್ರಿ?" ಎಂದಳು. ನನ್ನ ಮನೆಗೆ ಬಂದ ಮೇಲೆ ತನಗಾಗಿ ಆಸೆಪಟ್ಟು ಕೇಳಿದ್ದು ಅದೇ ಮೊದಲು. ರಾಣಿ, ಬಿಲ್ಲುಗಾರ್ತಿ, ಹಾರುವ ಕುದುರೆ, ಏನು ಬೇಕಾದರೂ ಆಗು ಎಂದೆ. ಹುಡುಗಿಯೇ ಆಗುತ್ತೇನೆ ಎಂದಳು. ಪ್ರತಿ ಪಾತ್ರಕ್ಕೂ ಒಂದು ಊರು, ಒಂದು ಮನೆ ಇರಬೇಕೆಂಬುದು ನಮ್ಮ ನಿಯಮ. "ಎಲ್ಲಿ ಹುಡುಗಿ? ಯಾರ ಮನಿ?" ಎಂದು ಮಾಸ್ತರು ಕೇಳಿದರು. ಅವಳು ಚೀಲದ ಹೊಲಿಗೆ ಕೀಳುತ್ತಾ, "ಆಮ್ಯಾಲೆ ಹೇಳ್ತೀನ್ರಿ" ಎಂದಳು.

ಮುಂದಿನ ಭಾನುವಾರ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ. ಕಥೆಯಲ್ಲಿ ನಮ್ಮ ವೀರರು ಒಂದು ಕೋಟೆಯ ಹೊರಗೆ ಸಿಕ್ಕಿಬಿದ್ದು ತಿಂಗಳಾಗುತ್ತಾ ಬಂದಿತ್ತು. ಆ ಬಾಗಿಲು ನನ್ನ ಹೆಮ್ಮೆ. ಖಡ್ಗಕ್ಕೆ ಮುರಿಯದು, ಮಂತ್ರಕ್ಕೆ ಜಗ್ಗದು, ಲಂಚಕ್ಕೂ ತೆರೆಯದು. ಬಾಗಿಲು ಕಾಯುವ ಪಾತ್ರವೂ ನನ್ನದೇ. ಇಬ್ಬರನ್ನೂ ಬೈದು ಬೈದು ಹಿಂದಕ್ಕೆ ಅಟ್ಟಿದ್ದೆ.

"ನಾ ಹೋಗ್ಲೇನ್ರಿ?" ಎಂದು ಹುಡುಗಿ ಚೀಲದಿಂದ ಇಳಿದಳು. ಎಡಗಾಲು ಎಳೆಯುತ್ತಾ, ಒಂದು ಕೈ ಸೊಂಟಕ್ಕೆ ಕೊಟ್ಟು, ಬಾಯಲ್ಲೇ ಗೆಜ್ಜೆಯ ಸದ್ದು ಮಾಡುತ್ತಾ ಚೀಲಗಳ ನಡುವೆ ಕುಂಟಿಕೊಂಡು ಬಂದು, ನನ್ನೆದುರು ಫ್ರಾಕಿನ ಉಡಿ ಒಡ್ಡಿ ನಿಂತಳು. "ಕುಂಟೆತ್ತು ಬಂದದರಿ. ಜ್ವಾಳ ಹಾಕ್ರಿ."

ನಮ್ಮ ಕಡೆ ಅಮಾವಾಸ್ಯೆಯಂದು ಮಣ್ಣಿನ ಎತ್ತು ಮಾಡಿ ಪೂಜಿಸುತ್ತೇವೆ. ಮರುದಿನ ಮಕ್ಕಳು ತಮ್ಮಲ್ಲೊಬ್ಬರನ್ನು ಕುಂಟೆತ್ತು ಮಾಡಿಕೊಂಡು ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ. ಎಂಥ ಜಿಪುಣರೂ ಆ ದಿನ ಇಲ್ಲ ಎನ್ನುವುದಿಲ್ಲ. ಕಾವಲುಗಾರಳಾಗಿ ನಾನು ದಾಳ ಹಾಕು ಎನ್ನಬೇಕಿತ್ತು. ಹಾಗನ್ನುವ ಬದಲು ಎದ್ದು, ಬಾಯಿ ಬಿಚ್ಚಿದ ಚೀಲದಿಂದ ಬೊಗಸೆ ತುಂಬ ಜೋಳ ತೆಗೆದು ಅವಳ ಉಡಿಗೆ ಹಾಕಿಬಿಟ್ಟೆ. ಕೋಟೆಯ ಹೊರಗೆ ನಿಂತಿರಬೇಕಾದ ವ್ಯಾಪಾರಿಯೂ ಎದ್ದುಬಂದು ತಮ್ಮದೊಂದು ಬೊಗಸೆ ಸೇರಿಸಿದರು.

"ಅಕ್ಕಾರ," ಎಂದರು ಮಾಸ್ತರು ಮೆಲ್ಲಗೆ, "ಬಾಗಿಲಾ ತಗದ್ರಿ ನೀವು."

ಹೌದಲ್ಲ, ಬಾಗಿಲು ತೆಗೆಯದೆ ಜೋಳ ನೀಡುವುದು ಹೇಗೆ? ಸೋಲೊಪ್ಪುವ ಜಾತಿಯವಳಲ್ಲ ನಾನು, ಆದರೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಾ ನಗುತ್ತಾ ಕಣ್ಣು ತುಂಬಿತು. ಆ ಎಡಗಾಲಿನ ಎಳೆತ ನನ್ನ ತಂಗಿಯದು. ಚಿಕ್ಕವರಿದ್ದಾಗ ಪ್ರತಿ ವರ್ಷ ಅವಳೇ ಕುಂಟೆತ್ತು, ಬುಟ್ಟಿ ಹಿಡಿಯುವವಳು ನಾನು. ಯಾರು ಕಲಿಸಿದರು ಎಂದು ಕೇಳಿದೆ.

"ಅವ್ವ. ಮಂದಿ ಜ್ವಾಳ ಕೊಡೂಮಟಾ ನಗಬಾರದಂತ ಹೇಳಿದ್ಲು."

ನನ್ನ ರಾಜ್ಯಕ್ಕೆ ಈಗ ಮಕ್ಕಳು ಬಂದಿದ್ದಾರೆ. ಅಲ್ಲಿ ಯುದ್ಧ ನಡೆದಿರಲಿ, ಶಾಪ ಬಿದ್ದಿರಲಿ, ಕುಂಟೆತ್ತು ಬಂದ ದಿನ ಎಲ್ಲ ಬಾಗಿಲುಗಳೂ ತೆರೆಯಬೇಕು. ರಾಕ್ಷಸನ ಗವಿಗೂ ಅದೇ ಕಾನೂನು. ರಾಜಕುಮಾರ ಹಾಗೆಯೇ ಹೊರಗೆ ಬಂದ. ಈ ಕಾನೂನಿಗಾಗಿ ನಾನು ತಂಗಿಗೆ ಋಣಿ. ಬಾಗಿಲು ತೆರೆದದ್ದನ್ನು ತೋರಿಸಿಕೊಟ್ಟ ಮಾಸ್ತರಿಗೂ, ವ್ಯಾಪಾರಿಯ ಆ ಬೊಗಸೆಗೂ ಋಣಿ.

ಕುಂಟೆತ್ತು ಬಂದ ಆ ಭಾನುವಾರ ಮಾಸ್ತರು ಬಿಡದೆ ಮತ್ತೆ ಕೇಳಿದರು: "ಜ್ವಾಳ ಯಾರ ಮನಿಗೆ ಒಯ್ತಿ? ಇನ್ನೂ ಹೇಳಿಲ್ಲ ನೀ." ಹುಡುಗಿ ಉಡಿ ಗಟ್ಟಿಯಾಗಿ ಹಿಡಿದುಕೊಂಡು ಮೆಟ್ಟಿಲಿಳಿದಳು. ನಾನು ದಾಳ ಅಲ್ಲೇ ಬಿಟ್ಟು ಹಿಂದೆ ಹೋದೆ. ಒಂದು ಕಾಳೂ ಚೆಲ್ಲದಂತೆ ಓಣಿ ದಾಟಿ, ಮನೆಗೆ ಬಂದು, ಸೀದಾ ಅಡುಗೆಮನೆಗೆ ಹೊಕ್ಕಳು. ನನ್ನನ್ನು ಕೇಳದೆ ಜೋಳದ ಡಬ್ಬಿಯ ಮುಚ್ಚಳ ತೆಗೆದು ಉಡಿ ಖಾಲಿ ಮಾಡಿದಳು. ಆಮೇಲೆ ಡಬ್ಬಿಯೊಳಗೆ ಬಗ್ಗಿ ನೋಡಿ, ನನ್ನ ಕಡೆ ತಿರುಗಿ, ಸಿಟ್ಟಿನಿಂದ ಹೇಳಿದಳು:

"ದೊಡ್ಡವ್ವಾ, ಇಷ್ಟ ಸಾಲಂಗಿಲ್ಲ. ನಾಳಿ ಜಾಸ್ತಿ ಬೀಸಿಸ್ಕೊಂಡು ಬಾ. ನನಗ ದಿನಾ ಹೊಟ್ಟಿ ತುಂಬಂಗಿಲ್ಲ."