ಪಾದ್ರಿ ಏರಿನಲ್ಲಿ ಒಂದೇ ಒಂದು ಕಿಣಿ

ಜಿವಾದಿನ್ ಮೇಸ್ತ್ರಿಯ ಬಳಿ ಕಾರು ತಂದವರು ಅದರ ಕಾಯಿಲೆ ಏನೆಂದು ಹೇಳುವಂತಿರಲಿಲ್ಲ. ಯಾರಾದರೂ ಬಾಯಿ ತೆರೆದರೆ ಅವನು ಕೈ ಎತ್ತಿ ತಡೆಯುತ್ತಿದ್ದ. "ನೀನು ಸುಮ್ನಿರು. ಅದು ಹೇಳ್ಲಿ" ಎನ್ನುತ್ತಿದ್ದ. ಎಂಜಿನ್ ಶುರು ಮಾಡಿಸಿ, ಅಂಗಳದ ಪ್ಲಮ್ ಮರದವರೆಗೆ ನಡೆದು, ಕಾರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಕಣ್ಣು ನೋಡುತ್ತಿದ್ದರೆ ಕಿವಿ ಸೋಮಾರಿಯಾಗುತ್ತದೆ ಎಂಬುದು ಅವನ ನಂಬಿಕೆ.

ಜ್ಲಾತಾರ್ ಬೆಟ್ಟದ ಬುಡದ ನಮ್ಮ ಊರಿನಲ್ಲಿ ಫಿಚಾ ಕಾರುಗಳು ಇನ್ನೂ ಓಡುತ್ತಿದ್ದರೆ ಅದಕ್ಕೆ ಅವನೇ ಕಾರಣ. ಎಂಜಿನ್ ಹಿಂದೆ, ಡಿಕ್ಕಿ ಮುಂದೆ ಇರುವ ಆ ಪುಟ್ಟ ಕಾರು ತಯಾರಾಗುವುದು ನಿಂತು ಎಷ್ಟೋ ಕಾಲವಾಯಿತು. ಹೊಸ ಕಾರು ಕೊಂಡವರೂ ಹಳೆಯದನ್ನು ಮಾರಿಲ್ಲ. ಚೀಸಿನ ಬಕೆಟ್ಟು, ಕುರಿಮರಿ, ಹುಲ್ಲಿನ ಕಟ್ಟು, ಮದುವೆಯ ಬ್ಯಾಂಡಿನವನ ಡೋಲು, ಎಲ್ಲವೂ ಅದರಲ್ಲೇ ಬೆಟ್ಟ ಹತ್ತುತ್ತವೆ. ಬೇಸಿಗೆಯಲ್ಲಿ ಎಂಜಿನ್ ಬಿಸಿಯಾಗದಿರಲೆಂದು ಹಿಂದಿನ ಮುಚ್ಚಳಕ್ಕೆ ಕಟ್ಟಿಗೆ ತುಂಡು ಆನಿಸಿ ತೆರೆದಿಟ್ಟುಕೊಂಡೇ ಓಡಿಸುತ್ತಾರೆ.

ಇಂಥ ಎಂಜಿನ್ನಿಗೆ ಕಿಡಿ ಹೊತ್ತುವ ಗಳಿಗೆಯೇ ಪ್ರಾಣ. ತಡವಾಗಿ ಹೊತ್ತಿದರೆ ಕಾರು ಮದುವೆ ಊಟ ಉಂಡವನಂತೆ ಏರು ಹತ್ತುತ್ತದೆ, ಮೈ ಕಾಯುತ್ತದೆ, ಪಿಕಪ್ ಇರುವುದಿಲ್ಲ. ಬೇಗ ಹೊತ್ತಿದರೆ ಮೇಲೇರುತ್ತಿರುವ ಪಿಸ್ಟನ್ನಿನ ನೆತ್ತಿಗೆ ಬೆಂಕಿ ಬಡಿಯುತ್ತದೆ. ಆಗ ಏರಿನಲ್ಲಿ, ಗಾಜಿನ ಲೋಟದಲ್ಲಿ ಚಮಚ ಆಡಿಸಿದಂಥ ಸಣ್ಣ ಕಿಣಿಕಿಣಿ ಕೇಳುತ್ತದೆ. ಬಿಸಿ ಎಂಜಿನ್ನಿಗೆ ಸೆಲ್ಫ್ ಕೊಟ್ಟರೆ ಹಿಂದಕ್ಕೆ ಒದೆಯುತ್ತದೆ. ಬಹಳ ದಿನ ಹಾಗೇ ಓಡಿಸಿದರೆ ಪಿಸ್ಟನ್ ತೂತಾಗುತ್ತದೆ.

ಜಿವಾದಿನ್ ಕಿಡಿ ಹುಟ್ಟಿಸುವ ಪಾಯಿಂಟಿನ ಸಂದಿಯನ್ನು ಬೆಂಕಿಪೊಟ್ಟಣದ ರಟ್ಟಿನಿಂದ ಅಳೆಯುತ್ತಿದ್ದ. ಒಂದು ಸಣ್ಣ ಬಲ್ಬು ಸಿಕ್ಕಿಸಿ, ಅದು ಹತ್ತಿಕೊಳ್ಳುವ ಜಾಗ ನೋಡಿ, ಕಿಡಿಯ ಗಳಿಗೆ ನಿರ್ಧರಿಸುವ ಡಿಸ್ಟ್ರಿಬ್ಯೂಟರನ್ನು ಅಂದಾಜಿಗೆ ಕೂರಿಸುತ್ತಿದ್ದ. ಅಷ್ಟು ಯಾರು ಬೇಕಾದರೂ ಮಾಡುತ್ತಾರೆ. ಅವನ ನಿಜವಾದ ಕೆಲಸ ನಡೆಯುತ್ತಿದ್ದುದು ಊರಾಚೆಯ ಪಾದ್ರಿ ಏರು ಎಂಬ ಕಡಿದಾದ ರಸ್ತೆಯಲ್ಲಿ. ಸೇತುವೆ ದಾಟಿ ಮೂರನೇ ಗೇರಿನಲ್ಲಿ ಕಾಲು ಒತ್ತಿ ಹಿಡಿದರೆ, ಮೇಲಿನ ಕಲ್ಲಿನ ಶಿಲುಬೆಯ ಬಳಿ ಎಂಜಿನ್ ಒಮ್ಮೆ ಕಿಣಿ ಎಂದು ಸುಮ್ಮನಾಗಬೇಕು. ಅನ್ನದೇ ಹೋದರೆ ಕಿಡಿ ತಡ; ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸಬೇಕು. ಅನ್ನುತ್ತಲೇ ಇದ್ದರೆ ಹಿಂದಕ್ಕೆ.

"ಒಂದ್ಸಲ ಗೊಣಗ್ಬೇಕು, ಆಮೇಲೆ ಬಾಯ್ಮುಚ್ಚಬೇಕು. ನಮ್ಮ ಸ್ತಾಮೆನಾ ಹಾಗೆ" ಎಂದು ಅವನು ಹೆಂಡತಿಗೆ ಕೇಳಿಸುವಂತೆಯೇ ಹೇಳುತ್ತಿದ್ದ.

"ನಾನು ಬಾಯ್ಮುಚ್ಚಿದ್ದು ಯಾವಾಗ? ಕನಸು ಕಂಡಿರ್ತೀರಿ" ಎನ್ನುತ್ತಿದ್ದಳು ಒಳಗಿನಿಂದ ಸ್ತಾಮೆನಾ.

ಎಲ್ಲ ಹದವಾದ ಮೇಲೆ ಅವನು ಮೊಳೆಯಿಂದ ಡಿಸ್ಟ್ರಿಬ್ಯೂಟರಿಗೂ ಎಂಜಿನ್ನಿಗೂ ಸೇರಿಸಿ ಒಂದು ಗೀರು ಎಳೆಯುತ್ತಿದ್ದ. ಅದು ಅವನ ರುಜು.

ಅವನಿಗೆ ಕೆಲಸ ಕಲಿಸಿದ ಮುದುಕ ಕಿವಿ ಮಂದವಾದ ಮೇಲೂ ಸ್ಪ್ಯಾನರ್ ಬಿಡದೆ ಊರಿನ ಎಷ್ಟೋ ಎಂಜಿನ್ನುಗಳನ್ನು ಕೆಡಿಸಿದ್ದ. ಎದುರಿಗೆ ಗೌರವ, ಬೆನ್ನ ಹಿಂದೆ ನಗು. ಅದನ್ನು ಕಂಡ ಜಿವಾದಿನ್ ಹರೆಯದಲ್ಲೇ ಕಾಫಿ ಅಂಗಡಿಯಲ್ಲಿ ಎಲ್ಲರೆದುರು ಆಣೆ ಇಟ್ಟಿದ್ದ: "ಆ ಕಿಣಿ ನನಗೆ ಕೇಳದೇ ಹೋದ ವರ್ಷ, ಮಿತ್ರೋವ್‌ದಾನ್ ದಿನ ಬೀಗ ಜಡೀತೀನಿ." ಚಳಿಗಾಲದ ಬಾಗಿಲಲ್ಲಿ ಬರುವ ಆ ಹಬ್ಬದ ದಿನವೇ ಹಿಂದೆಲ್ಲ ಕುರಿ ಕಾಯುವವರ ಕರಾರು ಮುಗಿಯುತ್ತಿತ್ತು. ಆಣೆಯನ್ನು ಊರು ಮರೆತಿರಲಿಲ್ಲ.

ಆ ಶರತ್ಕಾಲ ಚೀಸು ಮಾರುವ ಗ್ರೋಜ್ದಾನಾಳ ಕಾರು ಕ್ಲಚ್ ಕೆಲಸಕ್ಕೆ ಬಂತು. ಮುಚ್ಚಳ ತೆರೆದ ಜಿವಾದಿನ್ ಹುಬ್ಬು ಗಂಟಿಕ್ಕಿದ. ಅವನು ಎಳೆದ ಗೀರು ಎರಡು ತುಂಡಾಗಿತ್ತು. ಡಿಸ್ಟ್ರಿಬ್ಯೂಟರ್ ಉಗುರಿನಗಲ ಹಿಂದಕ್ಕೆ ಸರಿದಿತ್ತು. ಬೋಲ್ಟು ಸಡಿಲಾಗಿರಬೇಕೆಂದು ಅದನ್ನು ಗೀರಿಗೆ ತಂದು ಬಿಗಿ ಮಾಡಿದ. ಮುಂದಿನ ವಾರ ಅಂಚೆಯವನ ಕಾರಿನಲ್ಲೂ ಅದೇ. ಆಮೇಲೆ ಬೇರೊಬ್ಬನದು. ಎಲ್ಲವೂ ಒಂದೇ ಕಡೆಗೆ, ಒಂದೇ ಅಳತೆಗೆ ಸರಿದಿದ್ದವು. ಹೊಸ ವಾಷರ್ ಹಾಕಿದರೂ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಸ್ತಾಮೆನಾ ಅಂಗಳದ ತಗಡಿನ ಒಲೆಯ ಮೇಲೆ ಚಳಿಗಾಲಕ್ಕೆಂದು ಕೆಂಪು ದಪ್ಪ ಮೆಣಸಿನಕಾಯಿ ಸುಡುತ್ತಿದ್ದಳು.

"ಫೋನು ಆವಾಗಿಂದ ಬಡ್ಕೋತಿದೆ. ಬಾಗಿಲ ಪಕ್ಕದಲ್ಲೇ ಕೂತಿದೀರಲ್ಲ, ಎತ್ತಬಾರದಾ?"

"ಯಾವ ಫೋನು? ಕೆಟ್ಟಿದೆ ಅದು."

ಅವಳು ಮಸಿ ಕೈಯಲ್ಲೇ ಒಳಗೆ ಹೋಗಿ ಫೋನೆತ್ತಿ ಮಾತಾಡಿ ಬಂದಳು. ಮತ್ತೆ ಮೆಣಸಿನಕಾಯಿ ಮಗುಚತೊಡಗಿದಳು. ಆ ಸಂಜೆ ಅವನು ಒಂದು ಲೋಟದಲ್ಲಿ ಚಮಚ ಇಟ್ಟು ಕಿವಿಯ ಬಳಿ ಆಡಿಸುತ್ತಿದ್ದುದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ಕಂಡಳು.

ಬಿಡಿಭಾಗಕ್ಕೆ ವಾರಗಟ್ಟಲೆ ಕಾದು, ಕೊನೆಗೆ ಕ್ಲಚ್ ಸರಿಹೋಗಿ ಗ್ರೋಜ್ದಾನಾ ಹೊರಟ ದಿನ ತನ್ನ ಚೀಸಿನ ಬಕೆಟ್ಟಿನ ಮುಚ್ಚಳವನ್ನು ಗ್ಯಾರೇಜಿನಲ್ಲೇ ಮರೆತಳು. ಕೊಟ್ಟು ಬರೋಣವೆಂದು ಜಿವಾದಿನ್ ತೋಟದ ಒಳದಾರಿಯಿಂದ ಸೇತುವೆಯ ಕಡೆಗೆ ಇಳಿದ. ಅವಳ ಕಾರು ಅಲ್ಲಿನ ನೀರಿನ ಚಿಲುಮೆಯ ಪಕ್ಕ, ಹಿಂದಿನ ಮುಚ್ಚಳ ತೆರೆದು ನಿಂತಿತ್ತು. ಎಂಜಿನ್ ಒಳಗೆ ತಲೆ ತೂರಿಸಿದ್ದವನ ಪೃಷ್ಠ ಮಾತ್ರ ಹೊರಗಿತ್ತು. ಆ ಪ್ಯಾಂಟು ಜಿವಾದಿನ್‌ಗೆ ಚೆನ್ನಾಗಿ ಗೊತ್ತು. ಬಸ್ ಡ್ರೈವರಾಗಿ ನಿವೃತ್ತನಾದ ಬೊಗೊಸಾವ್, ಅವನ ಕೂಮ.

ಮದುವೆಯಲ್ಲಿ ಸಾಕ್ಷಿಯಾಗಿ ನಿಂತವನು, ಮಕ್ಕಳನ್ನು ದೀಕ್ಷಾಸ್ನಾನಕ್ಕೆ ಎತ್ತಿಕೊಂಡವನು ಕೂಮ; ಇಬ್ಬರೂ ಪರಸ್ಪರ ಕರೆದುಕೊಳ್ಳುವುದೂ ಹಾಗೆಯೇ. ಮೇಲೆ ದೇವರು, ಕೆಳಗೆ ಕೂಮ ಎಂಬುದು ಇಲ್ಲಿನ ಮಾತು. ಅಣ್ಣತಮ್ಮಂದಿರು ಹೊಡೆದಾಡಬಹುದು. ಕೂಮನಿಗೆ ಮಾತ್ರ ಬಿರುನುಡಿ ಆಡುವಂತಿಲ್ಲ.

"ಸಾಕಾ?" ಗ್ರೋಜ್ದಾನಾ ಕೇಳುತ್ತಿದ್ದಳು.

"ಸಾಕು. ಯಾವಾಗ್ಲೂ ತಿರುಗಿಸೋಷ್ಟೇ."

"ಮೇಸ್ತ್ರಿಗೆ ಗೊತ್ತಾದ್ರೆ?"

"ಯಾರ್ ಹೇಳ್ತಾರೆ? ನಿನ್ನ ಚೀಸಾ?"

ತಿರುಗಿದ ಗ್ರೋಜ್ದಾನಾ "ಅಯ್ಯಪ್ಪಾ" ಎಂದು ಕೆನ್ನೆಗೆ ಕೈ ಇಟ್ಟುಕೊಂಡಳು. ಬೊಗೊಸಾವ್ ಗಾಬರಿಯಲ್ಲಿ ಎದ್ದು ಮುಚ್ಚಳಕ್ಕೆ ತಲೆ ಹೊಡೆಸಿಕೊಂಡ.

"ಏನ್ ಮಾಡ್ತಿದೀರಿ, ಕೂಮಾ?" ಜಿವಾದಿನ್ ಕೇಳಿದ. ನೀನು ಎನ್ನುತ್ತಿದ್ದವನು ನೀವು ಎಂದದ್ದು ಕೇಳಿಯೇ ಬೊಗೊಸಾವ್ ಸ್ಪ್ಯಾನರನ್ನು ಬೆನ್ನ ಹಿಂದೆ ಅಡಗಿಸಿದ.

"ಪೆಟ್ರೋಲು ಸರಿ ಬರ್ತಿಲ್ಲ ಕೂಮಾ. ಅದಕ್ಕೇ ಸ್ವಲ್ಪ..."

"ಪೆಟ್ರೋಲು."

"ಬೆಂಕಿಪೊಟ್ಟಣದ ರಟ್ಟೂ ಈಗ ದಪ್ಪ ಬರ್ತಿದೆ ಅಂತಾರೆ."

"ಯಾರಂತಾರೆ?"

ಬೊಗೊಸಾವ್ ಗ್ರೋಜ್ದಾನಾಳನ್ನು ನೋಡಿದ. ಅವಳು ಚಿಲುಮೆಯನ್ನು ನೋಡಿದಳು.

ಜಿವಾದಿನ್ ಸ್ಪ್ಯಾನರ್ ಕಸಿದುಕೊಂಡು, ಡಿಸ್ಟ್ರಿಬ್ಯೂಟರನ್ನು ಮತ್ತೆ ತನ್ನ ಗೀರಿಗೆ ತಂದು ಬಿಗಿದ. "ಹತ್ತಿ ಇಬ್ರೂ" ಎಂದ. ಗ್ರೋಜ್ದಾನಾ ಬಕೆಟ್ಟುಗಳ ನಡುವೆ ತೂರಿಕೊಂಡಳು. ಕಾರು ಮೂರನೇ ಗೇರಿನಲ್ಲಿ ಏರಿಗೆ ಬಿತ್ತು. ಅವನು ಕತ್ತು ಓರೆ ಮಾಡಿ ಆಲಿಸುತ್ತಿದ್ದ. ಎಂಜಿನ್ನಿನ ಗುಡುಗು ಕೇಳುತ್ತಿತ್ತು, ಟೈರಿನ ಸದ್ದು ಕೇಳುತ್ತಿತ್ತು. ಕೊನೆಯ ತಿರುವಿನಲ್ಲಿ, ಶಿಲುಬೆಯ ಬಳಿ, ಸಣ್ಣದಾಗಿ ಕಿಣಿ ಎಂದಿತು.

"ಕೇಳಿದ್ರಾ? ಒಂದೇ ಒಂದು!" ಅವನ ಮುಖ ಅರಳಿತು.

ಬೊಗೊಸಾವ್ ಕಿಟಕಿಯ ಕಡೆಗೆ ಮುಖ ತಿರುಗಿಸಿದ.

"ಏನು? ನಿಮಗೆ ಎಲ್ಲಿಂದ ಕೇಳಿಸ್ತು?"

"ಸೇತುವೆಯಿಂದ" ಎಂದಳು ಗ್ರೋಜ್ದಾನಾ ಮೆಲ್ಲಗೆ. "ಕಲ್ಲು ತುಂಬಿದ ಡಬ್ಬಿ ಎಳ್ಕೊಂಡು ಬಂದ ಹಾಗಿತ್ತು, ಮೇಸ್ತ್ರಿ."

ಅವನು ಕಾರು ನಿಲ್ಲಿಸಿದ. ಲೆಕ್ಕ ಅವನಿಗೆ ತಕ್ಷಣ ಹತ್ತಿತು. ಕಿವಿಗೆ ಕಿಣಿ ಬೀಳುವವರೆಗೆ ಅವನು ಪ್ರತಿಯೊಂದು ಕಾರಿನ ಕಿಡಿಯನ್ನೂ ಮುಂದಕ್ಕೆ, ಇನ್ನೂ ಮುಂದಕ್ಕೆ ತಿರುಗಿಸುತ್ತ ಬಂದಿದ್ದ. ಕೂಮ ಸೇತುವೆಯ ಬಳಿ ಕಾದು ಕೂತು, ಒಂದೊಂದನ್ನೂ ಹಿಂದಕ್ಕೆ ತಂದು, ಪಿಸ್ಟನ್ನುಗಳನ್ನೂ ಅವನ ಹೆಸರನ್ನೂ ಉಳಿಸಿದ್ದ.

"ನನಗೇ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಬೀಗ ಹಾಕ್ತಿದ್ದೆ" ಎಂದ ಬೊಗೊಸಾವ್. "ಆಮೇಲೆ ಬೆಳಿಗ್ಗೆ ಎದ್ದು ಏನ್ ಮಾಡ್ತಿದ್ದೆ? ಸ್ತಾಮೆನಾಗೆ ಮೆಣಸಿನಕಾಯಿ ಸುಲಿದು ಕೊಡ್ತಿದ್ಯಾ?"

ಜಿವಾದಿನ್ ಕೆಳಗಿಳಿದು ಕಾರಿನ ಹಿಂದಕ್ಕೆ ಹೋದ. ಗೀರನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಬಕೆಟ್ಟಿನ ಮುಚ್ಚಳ ಗ್ರೋಜ್ದಾನಾಳ ಕೈಗೆ ಕೊಟ್ಟು, ನಡೆದೇ ಮನೆಗೆ ಹೋದ.

ಮಿತ್ರೋವ್‌ದಾನ್ ಬೆಳಿಗ್ಗೆ ಅವನು ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ಸ್ತಾಮೆನಾ ಕಾಫಿಯ ಮೂರು ಬಟ್ಟಲು ಹೊರಗೆ ತಂದಿಟ್ಟಳು.

"ಮೂರನೇದು ಯಾರಿಗೆ?"

"ಬರ್ತಾರೆ."

ಬೊಗೊಸಾವ್ ತನ್ನ ಕಾರಿನಲ್ಲೇ ಬಂದ. ಹಬ್ಬದ ಕೋಟು ತೊಟ್ಟಿದ್ದ. ಟೋಪಿ ತೆಗೆದು, ಅಂಗಳದ ನಡುವೆ ನಿಂತು, ಈ ಕಡೆಯವರು ಜೀವನದಲ್ಲಿ ಅಪರೂಪಕ್ಕೆ ಆಡುವ ಮಾತು ಆಡಿದ. "ದೇವರ ಮೇಲೆ, ಸಂತ ಯೊವಾನನ ಮೇಲೆ, ಕೂಮನಾಗಿ ಬೇಡ್ತಿದೀನಿ. ನನ್ನ ಕಾರು ಹದ ಮಾಡ್ಕೊಡು."

ಕೂಮರ ನಂಟು ಕಾಯುವ ಆ ಸಂತನ ಹೆಸರಿನಲ್ಲಿ ಬೇಡಿದ್ದನ್ನು ಇಲ್ಲ ಎನ್ನುವಂತಿಲ್ಲ. ಕೊಲೆ ಮಾಡಹೊರಟವನೂ ಆ ಮಾತಿಗೆ ಕತ್ತಿ ಇಳಿಸಿದ್ದುಂಟು ಎನ್ನುತ್ತಾರೆ ಹಿರಿಯರು. ಜಿವಾದಿನ್ ಎಣ್ಣೆ ಡಬ್ಬಿ ಹಿಡಿದುಕೊಂಡೇ ನಿಂತ.

"ಇದಕ್ಕೆಲ್ಲ ಸಂತರನ್ನ ಕರೀತಾರೇನೋ? ನಾನೂ ಆಣೆ ಇಟ್ಟಿದೀನಲ್ಲ. ಯಾವ ಕಿವೀಲಿ ಹದ ಮಾಡ್ಲಿ?"

"ನನ್ನದ್ರಲ್ಲಿ."

"ನಿನ್ನದು ಬಸ್ಸಿನ ಕಿವಿ. ಟ್ರ್ಯಾಕ್ಟರ್ ಬಂದ್ರೂ ಕೊಳಲು ಅಂತೀಯ."

"ಆಣೆ ಏನಂತ ಇಟ್ಟಿದ್ರಿ?" ಸ್ತಾಮೆನಾ ಬಟ್ಟಲು ನೀಡುತ್ತ ಕೇಳಿದಳು. "ಒಬ್ರೇ ಕೇಳ್ಬೇಕು ಅಂತಲಾ, ಎಂಜಿನ್ ಕೆಡಬಾರದು ಅಂತಲಾ?"

ಜಿವಾದಿನ್ ಎಣ್ಣೆ ಡಬ್ಬಿ ಕೆಳಗಿಟ್ಟ. ಕಾಫಿ ಮುಗಿಸಿ, ಸಂದಿ ಅಳೆಯುವ ರಟ್ಟಿಗೆಂದು ಜೇಬಿನ ಬೆಂಕಿಪೊಟ್ಟಣ ಹರಿದ.

ಏರಿನಲ್ಲಿ ಬೊಗೊಸಾವ್ ಪಕ್ಕದಲ್ಲಿ ಕೂತು, ಕಿಣಿ ಕೇಳಿದಾಗಲೆಲ್ಲ ಮೇಸ್ತ್ರಿಯ ಮಂಡಿಗೆ ಬೆರಳಿನಿಂದ ತಟ್ಟಬೇಕೆಂದು ಮಾತಾಯಿತು. ಮೊದಲ ಸಲ ತಟ್ಟಿದ್ದೇ ತಟ್ಟಿದ್ದು. ಮೇಲೆ ಹೋಗಿ ನೋಡಿದರೆ ನಂಬರ್ ಪ್ಲೇಟು ಸಡಿಲಾಗಿ ಅಲುಗುತ್ತಿತ್ತು.

"ಹೇಳ್ಲಿಲ್ವಾ, ಬಸ್ಸಿನ ಕಿವಿ" ಎಂದ ಜಿವಾದಿನ್. ಸ್ಕ್ರೂ ಬಿಗಿದು ಮತ್ತೆ ಇಳಿದರು. ಎರಡನೇ ಸಲ ತಟ್ಟಲೇ ಇಲ್ಲ. ಕೂದಲೆಳೆಯಷ್ಟು ಮುಂದಕ್ಕೆ. ಮತ್ತೆ ಸೇತುವೆ, ಮತ್ತೆ ಮೂರನೇ ಗೇರು. ಜಿವಾದಿನ್ ಈ ಸಲ ಕತ್ತು ಓರೆ ಮಾಡಲಿಲ್ಲ. ಕಣ್ಣು ರಸ್ತೆಯ ಮೇಲೆ, ಗಮನವೆಲ್ಲ ಮಂಡಿಯ ಮೇಲೆ. ಮೊದಲ ತಿರುವು ಹೋಯಿತು. ಎರಡನೆಯದೂ ಹೋಯಿತು. ಶಿಲುಬೆ ಬಂತು.

ಬೆರಳು ಒಮ್ಮೆ ತಟ್ಟಿತು.

ಅವನು ಕಾದ. ಮತ್ತೆ ತಟ್ಟಲಿಲ್ಲ.

ಕೆಳಗೆ ಬಂದು ಅವನು ಮೊಳೆ ತೆಗೆದು ಗೀರು ಎಳೆದ. ಆಮೇಲೆ ಮೊಳೆಯನ್ನು ಕೂಮನ ಕೈಗಿಟ್ಟ. "ಪಕ್ಕದಲ್ಲಿ ನಿಂದೂ ಒಂದು ಎಳಿ. ನಾಳೆ ಕೆಟ್ಟರೆ ಇಬ್ರನ್ನೂ ಬೈಲಿ."

ಈಗ ನಮ್ಮೂರಿನ ಫಿಚಾಗಳ ಮುಚ್ಚಳ ತೆರೆದರೆ ಎರಡು ಗೀರು ಕಾಣುತ್ತವೆ, ಒಂದು ನೇರ, ಇನ್ನೊಂದು ವಕ್ರ. ಬೀಗ ಎಣ್ಣೆ ಕುಡಿದು ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಗ್ರೋಜ್ದಾನಾಳ ಒಂದೇ ದೂರು: ಇಬ್ಬರು ಮುದುಕರೂ ಮುಂದೆ ಕೂತುಬಿಡುತ್ತಾರೆ, ತನ್ನ ಕಾರಿನಲ್ಲಿ ತಾನು ಬಕೆಟ್ಟುಗಳ ಜೊತೆ ಹಿಂದೆ ಕೂರಬೇಕು.