ಜಯಪಾಲ ಕೈ ಎತ್ತಿದ ದಿನ

ಮಹಾರಾಷ್ಟ್ರದ ಮಿರಜಿನ ಹತ್ತಿರದ ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ಜಯಪಾಲನದೊಂದು ಸಣ್ಣ ವರ್ಕ್‌ಶಾಪು. ಪಂಪಿನ ಶಾಫ್ಟುಗಳನ್ನು ಲೇಥಿನ ಮೇಲೆ ಕಡೆದು ಕೊಡುವುದು ಅವನ ಕಸುಬು. ಲಿಂಗನೂರಿನ ಜೈನ ಒಕ್ಕಲು ಮನೆತನದವನು. ಹನ್ನೆರಡನೆಯ ತರಗತಿ ಮುಗಿಯುತ್ತಲೇ ದುಡಿಮೆಗೆ ಬಿದ್ದಿದ್ದ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಅವನಿಗೂ ಮತ್ತೆ ಕಲಿಯುವ ಹಂಬಲ ಹುಟ್ಟಿತು. ಮಿರಜಿನಲ್ಲಿ ವಿದ್ಯಾಪೀಠವೇ, ಅಂದರೆ ವಿಶ್ವವಿದ್ಯಾಲಯವೇ, ನಡೆಸುತ್ತಿದ್ದ ಸಂಜೆ ಪದವಿ ಕೇಂದ್ರಕ್ಕೆ ಹೆಸರು ಹಚ್ಚಿದ.

ಅಲ್ಲಿ ಕನ್ನಡ ಕಲಿಸುತ್ತಿದ್ದವರು ಸುಮನ ಮೇಡಂ. ಶಾಲೆಯೆಲ್ಲ ಮರಾಠಿಯಲ್ಲಿ ಆಗಿದ್ದ ಜಯಪಾಲನಿಗೆ ಮನೆಯಲ್ಲಿ ಆಡುವ ಕನ್ನಡವನ್ನು ಓದಿ ಬರೆಯುವುದು ಬರುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಮೇಡಂ ಅವನನ್ನು ಕೂರಿಸಿಕೊಂಡು ಒತ್ತಕ್ಷರ ತಿದ್ದಿಸಿದರು. ಮೊದಲ ಸಲ ಒಂದಿಡೀ ಕಥೆಯನ್ನು ಕನ್ನಡದಲ್ಲಿ ತಾನೇ ಓದಿ ಮುಗಿಸಿದ ದಿನ ಅವನು ಮನೆಗೆ ಬಂದು ಹೆಂಡತಿ ವೃಷಾಲಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದ. ಪದವಿ ಕೈಗೆ ಬಂದಾಗ ಅವನಿಗೆ ನಲವತ್ತು ದಾಟಿತ್ತು.

ಆಮೇಲೆ ಕೇಂದ್ರ ಸೊರಗಿತು. ಕಾಮರ್ಸ್ ಕಲಿಸುತ್ತಿದ್ದವರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಎಂಐಡಿಸಿಯ ಹೆಣ್ಣುಮಕ್ಕಳು ಪಾಳಿ ಮುಗಿಸಿಕೊಂಡು ಬಂದು ಖಾಲಿ ಕೋಣೆ ನೋಡಿ ಮರಳುತ್ತಿದ್ದರು. ಅವರಲ್ಲಿ ಮಂಗಲ ಒಬ್ಬಳು. ಜಯಪಾಲನ ವರ್ಕ್‌ಶಾಪಿನ ಪಕ್ಕದ ಕಾರಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು.

ಒಂದು ದಿನ ಅವಳೇ ಬಂದು ಕೇಳಿದಳು. "ಕಾಕಾ, ವಿದ್ಯಾಪೀಠದ ಸೆನೆಟ್ ಇಲೆಕ್ಷನ್ ಬಂದೈತಂತ. ಪದವಿ ಆದವರಿಗೆಲ್ಲಾ ಓಟ್ ಐತಿ. ನೀವ್ಯಾಕ ನಿಂದರಬಾರ್ದು?"

"ನನ್ನಂಥಾವನ್ನ ಅಲ್ಲಿ ಯಾರು ಕೇಳ್ತಾರವ್ವಾ?"

"ನಮ್ಮಂಥಾವರ ಸಲುವಾಗಿ ಕೇಳಾಕರ ಒಬ್ರು ಬೇಕಲ್ರಿ."

ಅವನು ನಿಂತ, ಆರಿಸಿ ಬಂದ. ವಿದ್ಯಾಪೀಠದ ದೊಡ್ಡ ಸಭಾಗೃಹದಲ್ಲಿ ಮೈಕಿನ ಮುಂದೆ ನಿಂತ. ಮಿರಜಿನ ಕೇಂದ್ರಕ್ಕೆ ಶಿಕ್ಷಕರು ಬೇಕೆಂದು ಮರಾಠಿಯಲ್ಲಿ ನೆಟ್ಟಗೆ ಹೇಳಿದ. ಸೆನೆಟ್ಟು ಮೇಜು ಕುಟ್ಟಿ ಒಪ್ಪಿತು. ಕೆಲಸ ಆಯಿತೆಂದುಕೊಂಡು ಅವನು ಬರುವಾಗ ಪೇಢೆ ತಂದ.

ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಯಾರೂ ಬರಲಿಲ್ಲ. ಜಯಪಾಲ ವಿದ್ಯಾಪೀಠದ ಕುಲಗುರುಗಳನ್ನು, ಅಂದರೆ ವೈಸ್ ಚಾನ್ಸಲರರನ್ನು, ಕಾಣಲು ಹೋದ. ಅವರು ಮುಚ್ಚುಮರೆ ಇಲ್ಲದ ಮನುಷ್ಯ. ಸೆನೆಟ್ಟು ಶಿಕ್ಷಕರು ಬೇಕು ಅನ್ನಬಹುದು, ಅಷ್ಟೇ. ಹುದ್ದೆ ಮತ್ತು ಹಣ ವ್ಯವಸ್ಥಾಪನ ಪರಿಷತ್ತಿನ ಕೈಯಲ್ಲಿವೆ. ಏನು ಕಲಿಸಬೇಕೆಂದು ವಿದ್ಯಾ ಪರಿಷತ್ತು ಹೇಳದ ಹೊರತು ವ್ಯವಸ್ಥಾಪನದವರು ಹುದ್ದೆ ತುಂಬುವುದಿಲ್ಲ. ಶಿಕ್ಷಕರೇ ಇಲ್ಲದ ಕಡೆ ವಿಷಯ ಹೇಗೆ ಒಪ್ಪುವುದೆಂದು ವಿದ್ಯಾ ಪರಿಷತ್ತು ಕೂತಿದೆ ಎಂದು ಬಿಡಿಸಿ ಹೇಳಿದರು.

"ಹಂಗಾದ್ರ ನೀವ ಒಂದು ಹುಕುಂ ಮಾಡಬಾರದೇನ್ರಿ ಸಾಹೇಬರ?" ಎಂದ ಜಯಪಾಲ.

"ಮಾಡಾಕ ಬರೂದಿಲ್ಲ. ಬರಲೂಬಾರದು. ಇವತ್ತ ಒಬ್ಬನ ಹುಕುಂನಿಂದ ನಿಮ್ಮ ಕೇಂದ್ರ ಉಳೀತು ಅನ್ರಿ. ನಾಳೆ ಇನ್ನೊಬ್ಬ ಇದ ಕುರ್ಚಿ ಮ್ಯಾಲೆ ಕುಂತು ಮುಚ್ಚಿಬಿಡ್ತಾನ. ಆಗ ಯಾರ ಹಂತ್ಯಾಕ ಹೋಗ್ತೀರಿ?"

ಮನೆಗೆ ಬಂದು ಹೇಳಿದಾಗ ವೃಷಾಲಿ, "ಹಂಗಾರ ವಿದ್ಯಾಪೀಠದ ಮಾಲಕರ ಯಾರು?" ಎಂದಳು.

ಸೆನೆಟ್ಟಿನಿಂದ ವ್ಯವಸ್ಥಾಪನ ಪರಿಷತ್ತಿಗೆ ಕೆಲವರನ್ನು ಆರಿಸಿ ಕಳಿಸುವ ಪದ್ಧತಿ ಇತ್ತು. ಜಯಪಾಲ ಅದಕ್ಕೂ ನಿಂತು ಗೆದ್ದ. ವರ್ಕ್‌ಶಾಪು ಅರ್ಧ ದಿನ ಬಾಗಿಲು ಹಾಕಿಕೊಂಡು ವಿದ್ಯಾ ಪರಿಷತ್ತಿನ ಸದಸ್ಯರ ಮನೆಗಳಿಗೆ ಎಡತಾಕಿದ. ಕೊನೆಗೊಮ್ಮೆ ಅವರು ಕೂತು ತಮ್ಮ ಮಾತು ಹೇಳಿದರು. ಮಿರಜಿನ ಕೇಂದ್ರದಲ್ಲಿ ಕಾಮರ್ಸ್ ಮತ್ತೆ ನಡೆಯಲಿ, ಹೊಸ ಶಿಕ್ಷಕರು ಬರಲಿ. ಕನ್ನಡಕ್ಕೆ ಬರುವವರು ಬೆರಳೆಣಿಕೆಯಷ್ಟು. ಅದಕ್ಕೆ ಹೊಸ ಪ್ರವೇಶ ಬೇಡ.

ವ್ಯವಸ್ಥಾಪನ ಪರಿಷತ್ತಿನ ಮುಂದೆ ಎರಡೂ ಒಂದೇ ಠರಾವಿನಲ್ಲಿ ಬಂದವು. ಜಯಪಾಲ ಎದ್ದು ನಿಂತು ಬೇರೆ ಮಾಡಿರೆಂದು ಕೇಳಿಕೊಂಡ. ಕಲಿಸುವ ವಿಷಯದಲ್ಲಿ ಕೈ ಹಾಕುವ ಅಧಿಕಾರ ನಮಗಿಲ್ಲ, ಬೇಕಾದರೆ ಹಿಂದಕ್ಕೆ ಕಳಿಸಬಹುದು ಎಂದರು ಕುಲಗುರುಗಳು. ಹಿಂದಕ್ಕೆ ಕಳಿಸಿದರೆ ಆ ವರ್ಷದ ಪ್ರವೇಶ ತಪ್ಪಿಹೋಗುತ್ತಿತ್ತು. ಮಂಗಲಳ ಮದುವೆಯ ಮಾತು ನಡೆದಿತ್ತು. ಇನ್ನೊಂದು ವರ್ಷ ಮನೆಯವರು ಕಾಯುವಂತಿರಲಿಲ್ಲ. ಎಲ್ಲರೂ ಜಯಪಾಲನ ಕಡೆ ನೋಡಿದರು, ಅವನದೇ ಕೇಂದ್ರವೆಂದು. ಕೈ ಎತ್ತಿದ.

ಬಸ್ಸಿಳಿದವನು ಮನೆಗೆ ಹೋಗದೆ ನೇರವಾಗಿ ಮಿರಜಿನ ಕಿಲ್ಲಾ ಭಾಗದಲ್ಲಿದ್ದ ಸುಮನ ಮೇಡಂ ಮನೆಗೆ ಹೋದ. ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದೆಂದು ಅವನ ಆಸೆ. ಮೇಡಂ ಚಹಾ ಕೊಟ್ಟು ಎದುರಿಗೆ ಕೂತರು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ.

"ನೀ ಕೈ ಎತ್ತಿದಿ?" ಎಂದರು ಮೇಡಂ.

"ಹೌದ್ರಿ ಮೇಡಂ. ಆ ಹುಡುಗ್ಯಾರು ಮತ್ತ ಖಾಲಿ ಕೋಲ್ಯಾಗ ಬಂದು ಕುಂದ್ರೂದು ನನಗ ನೋಡಾಕ ಆಗಲಿಲ್ಲ."

"ನಾನೂ ಅವರನ್ನ ದಿನಾ ನೋಡೇನಿ, ಜಯಪಾಲ. ನೀ ಮಾಡಿದ್ದು ತಪ್ಪಂತ ನಾ ಅನ್ನಂಗಿಲ್ಲ. ಆದರ ಸರಿ ಮಾಡಿದಿ ಅಂತ ನನ್ನ ಬಾಯಿಂದ ಹೇಳಸಬ್ಯಾಡ."

ಅವನು ಚಹಾ ಮುಟ್ಟದೆ ಎದ್ದ. ಮೇಡಂ ಬಾಗಿಲತನಕ ಬರಲಿಲ್ಲ.

ಆ ಜೂನಿನಲ್ಲಿ ಕಾಮರ್ಸ್ ತರಗತಿ ಶುರುವಾಯಿತು. ಮಂಗಲ ಸೇರಿದಳು, ಮದುವೆಯಾದ ಮೇಲೂ ಬಿಡದೆ ಕಲಿತು ಪದವಿ ಪಡೆದಳು. ಸುಮನ ಮೇಡಂ ಅವರನ್ನು ವಿದ್ಯಾಪೀಠದ ಮುಖ್ಯ ಆವಾರಕ್ಕೆ ವರ್ಗ ಮಾಡಿದರು. ನಿವೃತ್ತಿಯವರೆಗೆ ಅವರು ದಿನವೂ ಬಸ್ಸಿನಲ್ಲಿ ಹೋಗಿಬಂದರು. ಹಾದಿಯಲ್ಲಿ ಎದುರಾದರೆ, "ಹೆಂಗದಿ?" ಎಂದು ಕೇಳುವರು, ಮಾತು ಅಷ್ಟಕ್ಕೇ ನಿಲ್ಲುತ್ತಿತ್ತು.

ಜಯಪಾಲ ಸೆನೆಟ್ಟಿನ ಪ್ರತಿ ಸಭೆಯಲ್ಲೂ ಮಿರಜಿನ ಕನ್ನಡದ ಮಾತು ಎತ್ತಿದ. ಸೆನೆಟ್ಟು ಹೂಂ ಅನ್ನುವುದು, ವಿದ್ಯಾ ಪರಿಷತ್ತು ಸಮಿತಿಗೆ ಕೊಡುವುದು, ಸಮಿತಿ ಕೂಡದೆ ಇರುವುದು. ಇವನಿಗೆ ಆ ರೀತಿ ಈಗ ಗೊತ್ತಿತ್ತು. ಸಿಟ್ಟಾಗದೆ ಒಬ್ಬೊಬ್ಬರ ಬಾಗಿಲಿಗೂ ಮತ್ತೆ ಹೋದ. ಅವನ ಅವಧಿ ಮುಗಿಯುವ ಮೊದಲು ಕನ್ನಡಕ್ಕೆ ಒಂದೇ ಒಂದು ಐಚ್ಛಿಕ ಪತ್ರಿಕೆ ಮಂಜೂರಾಯಿತು. ಕಳೆದುಕೊಂಡದ್ದಕ್ಕೆ ಅದು ಸಾಟಿಯಲ್ಲ ಎಂದು ಅವನೇ ವೃಷಾಲಿಯ ಮುಂದೆ ಒಪ್ಪಿಕೊಂಡ.

ಅದನ್ನು ಕಲಿಸಲು ಬಂದವಳು ಬೇಡಗದ ಮೃಣಾಲ. ಚಿಕ್ಕ ವಯಸ್ಸಿನವಳು, ಓದಿಕೊಂಡವಳು. ತರಗತಿಯ ಮುಂದೆ ನಿಂತರೆ ಮಾತ್ರ ಕನ್ನಡ ತಡವರಿಸಿ ಮರಾಠಿಗೆ ಹೊರಳುತ್ತಿತ್ತು. ಯಾರೂ ಕೇಳಿಕೊಳ್ಳದೆಯೇ ಸುಮನ ಮೇಡಂ ಅವಳನ್ನು ಮನೆಗೆ ಕರೆಸಿಕೊಂಡರು. ಬೆಳಗಿನ ಹೊತ್ತು ಅವಳಿಂದ ಪಾಠ ಹೇಳಿಸಿ ಕೇಳುತ್ತಾರೆ, ತಿದ್ದುತ್ತಾರೆ. ಇದು ಜಯಪಾಲನಿಗೆ ತಿಳಿದದ್ದು ಮೃಣಾಲಳಿಂದಲೇ. ಮೇಡಂ ಅವನಿಗೆ ಹೇಳಿಲ್ಲ, ಅವನೂ ಕೇಳಿಲ್ಲ.