ಕಾರ್ಡ್ ನಿಲ್ಲಿಸುವ ಮುಂಚೆ

ಬ್ಯಾಂಕಿನ ಕ್ರೆಡಿಟ್ ಕಾರ್ಡ್ ದೂರುಗಳನ್ನು ಫೋನಿನಲ್ಲಿ ಕೇಳುವ ಆ ಉದ್ದನೆಯ ಕೋಣೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕಿವಿಗೆ ಹೆಡ್‌ಫೋನ್, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್, ಬೆನ್ನಿಗೆ ತಾನೇ ಹೊಲಿದ ದಿಂಬು. ದಿನವಿಡೀ ಕಂಡವರ ಗೋಳು ಕೇಳಿ ಮನೆ ಸೇರಿದರೆ ಅವಳಿಗೆ ತುಟಿ ಬಿಚ್ಚಲೂ ಮನಸ್ಸಾಗುತ್ತಿರಲಿಲ್ಲ. "ನಿನ್ ಹತ್ರ ಮಾತಾಡ್ಬೇಕಂದ್ರೆ ನಾನೂ ಕಾರ್ಡ್ ಕಳ್ಕೋಬೇಕೇನೋ" ಎಂದು ಗಂಡ ಕಾಲೆಳೆಯುತ್ತಿದ್ದ.

ಅಲ್ಲಿನ ನಿಯಮ ಇಷ್ಟೇ. ಮಾಡದ ಖರ್ಚು ಬಿಲ್ಲಿನಲ್ಲಿ ಬಂದಿದೆ ಎಂದು ಯಾರಾದರೂ ಕರೆ ಮಾಡಿದರೆ, ಮೊದಲು ಅವರ ಒಪ್ಪಿಗೆ ಪಡೆದು ಕಾರ್ಡ್ ನಿಲ್ಲಿಸಬೇಕು. ಆಮೇಲೆ ಒಂದು ಪ್ರಶ್ನೆ: ಒಟಿಪಿಯನ್ನು ಯಾರಿಗಾದರೂ ಹೇಳಿದ್ದೀರಾ? ಹೌದು ಎಂದರೆ ಕತೆ ಮುಗಿಯಿತು, ಬಿಲ್ಲನ್ನು ಅವರೇ ಕಟ್ಟಬೇಕು. ಸುಳ್ಳು ಹೇಳುವ ಜಾಣರಿಗೆ ಹಣ ವಾಪಸ್, ನಿಜ ಹೇಳುವ ಪಾಪದವರಿಗೆ ಪಂಗನಾಮ. ಇಂಥ ನ್ಯಾಯ ಹುಟ್ಟಿಸಿದವರ ತಲೆಯಲ್ಲಿ ಏನು ತುಂಬಿತ್ತೋ.

ಅಕ್ಕನಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ಮಾತಿನ ಧ್ವನಿಮುದ್ರಣ ಶುರುವಾಗುವುದು ಕಾರ್ಡ್ ನಿಲ್ಲಿಸಿದ ಮೇಲೆಯೇ ಎಂಬುದು ಅವಳಿಗೆ ಗೊತ್ತಿತ್ತು. ಹಾಗಾಗಿ ವಯಸ್ಸಾದವರು ಸಿಕ್ಕರೆ ಕಾರ್ಡನ್ನು ಆಮೇಲೆ ನಿಲ್ಲಿಸಿದರಾಯಿತೆಂದು, ಏನು ಉತ್ತರ ಕೊಡಬೇಕೆಂಬುದನ್ನು ಮೊದಲೇ ಹೇಳಿಕೊಟ್ಟುಬಿಡುತ್ತಿದ್ದಳು. ಎಷ್ಟೋ ಮನೆಗಳು ಹಾಗೆ ಉಳಿದುಕೊಂಡಿದ್ದವು. ಅದರ ಹೆಮ್ಮೆಯೂ ಅವಳಿಗಿತ್ತು.

ಆ ಮಧ್ಯಾಹ್ನ ಕರೆ ಮಾಡಿದವರು ನಿವೃತ್ತ ಬಸ್ ಚಾಲಕರೊಬ್ಬರು. ಹೆಂಡತಿ ಹಾಸಿಗೆ ಹಿಡಿದಿದ್ದರು, ಪಿಂಚಣಿಯೊಂದೇ ಗತಿ, ಆಕೆಯ ಔಷಧಿಗೆಂದೇ ತೆಗೆಸಿದ ಕಾರ್ಡು. ಬಿಲ್ಲು ನೋಡಿದರೆ ಎರಡು ಫೋನು, ಒಂದು ಟಿವಿ ಕೊಂಡ ಲೆಕ್ಕ.

"ಬ್ಯಾಂಕಿಂದ ಅಂತ ಒಬ್ಳು ಹುಡುಗಿ ಫೋನ್ ಮಾಡಿದ್ಲಮ್ಮಾ. ಒಟಿಪಿ ಕೇಳಿದ್ಲು, ಹೇಳ್ಬಿಟ್ಟೆ."

ಅಕ್ಕ ದನಿ ತಗ್ಗಿಸಿದಳು. "ಅಪ್ಪಾಜಿ, ಇದನ್ನ ಆಮೇಲೆ ಇನ್ನೊಂದ್ಸಲ ಕೇಳ್ತೀನಿ. ಆಗ ಯಾರಿಗೂ ಹೇಳಿಲ್ಲ ಅನ್ನಿ. ಈ ವಿಷ್ಯ ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ನಾನು ಹೇಳಿದಷ್ಟು ಮಾಡಿ, ಸಾಕು."



"ಅವಳೂ ಅಪ್ಪಾಜಿ ಅಂತಾನೇ ಕರೆದಿದ್ಲು" ಎಂದರು ಮುದುಕರು. "ಯಾರಿಗೂ ಹೇಳ್ಬೇಡಿ, ನಾನು ಹೇಳಿದಷ್ಟು ಮಾಡಿ ಅಂತಾನೇ ಅಂದಿದ್ಲು. ಬಿಲ್ ಮೇಲಿರೋ ನಂಬರಿಗೆ ಮಾಡಿದ್ರೂ ನಿಮ್ಮಂಥೋರೇ ಸಿಕ್ತೀರಲ್ಲಮ್ಮಾ. ಇನ್ನೆಷ್ಟು ದೋಚ್ತೀರಿ?"

ಫೋನ್ ಇಟ್ಟುಬಿಟ್ಟರು.

ಕಾರ್ಡ್ ಇನ್ನೂ ನಿಂತಿರಲಿಲ್ಲ. ಅಕ್ಕ ತಿರುಗಿ ಕರೆ ಮಾಡಿದಳು, ಅವರು ಕತ್ತರಿಸಿದರು. ಮತ್ತೆ ಮಾಡಿದರೆ ಸ್ವಿಚ್ ಆಫ್. ಮೇಲ್ವಿಚಾರಕನ ಬಳಿಗೆ ಓಡಿದಳು.

"ಅವರ ಒಪ್ಪಿಗೆ ಇಲ್ದೆ ನಿಲ್ಲಿಸೋಕಾಗಲ್ಲ" ಎಂದ ಅವನು. "ಮೊದಲು ಅದನ್ನೇ ಅಲ್ವೇನಕ್ಕಾ ಕೇಳ್ಬೇಕಾಗಿದ್ದು?"

ಅಕ್ಕ ತನ್ನ ಜಾಗಕ್ಕೆ ಬಂದು ಪರದೆ ನೋಡಿದಳು. ಕಾರ್ಡನ್ನು ತನ್ನ ಫೋನಿಗೆ ಜೋಡಿಸಿಕೊಂಡಿದ್ದ ಕಳ್ಳಿ ಆರಾಮಾಗಿ ಅಂಗಡಿ ಸುತ್ತುತ್ತಿದ್ದಳು. ಒಂದು ಫ್ರಿಜ್. ಆಮೇಲೆ ಬಂಗಾರದ ಸರ. ಅಕ್ಕ ಕೈಕಟ್ಟಿ ಕೂತು ನೋಡುತ್ತಿದ್ದ ಹಾಗೇ ಕಾರ್ಡಿನ ಮಿತಿಯೆಲ್ಲ ಬರಿದಾಯಿತು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮುಂದಿನ ಕರೆ ಒಬ್ಬ ಅಜ್ಜಿಯದು. ಅಕ್ಕ ಮೊದಲು ಒಪ್ಪಿಗೆ ಕೇಳಿ ಕಾರ್ಡ್ ನಿಲ್ಲಿಸಿದಳು. ಆಮೇಲೆ ಪ್ರಶ್ನೆಯನ್ನು ಇದ್ದ ಹಾಗೇ ಓದಿದಳು.

"ಹೌದಮ್ಮಾ, ಹೇಳಿದೆ" ಎಂದರು ಅಜ್ಜಿ. "ಹೇಳ್ಬಾರ್ದಿತ್ತಾ?"

ಅಕ್ಕ ಪರದೆಯ ಮೇಲೆ 'ಹೌದು' ಎಂಬುದನ್ನು ಒತ್ತಿದಳು.